ಶಿಲುಬೆ ಹೊತ್ತ ಬೆಳ್ಳಿ: ಸ್ಪೇನಿನ ನಾಣ್ಯ, ಮಲೆನಾಡಿನ ಮೆಣಸು ಮತ್ತು ನಮ್ಮ ಸಾಕ್ಷ್ಯ

ಯೇಸುಸ್ವಾಮಿಯನ್ನು ಮಾತಿನಲ್ಲಿ ಸಿಕ್ಕಿಸಲೆಂದು ಬಂದವರ ಮುಂದೆ ಅವರು ಒಂದು ನಾಣ್ಯವನ್ನು ತರಿಸಿ, ಇದರ ಮೇಲಿರುವ ರೂಪ ಯಾರದು, ಲಿಪಿ ಯಾರದು ಎಂದು ಕೇಳಿದ ಪ್ರಸಂಗ ಮಾರ್ಕನ ಶುಭಸಂದೇಶದ 12ನೆಯ ಅಧ್ಯಾಯದಲ್ಲಿದೆ. ಈ ವಚನಭಾಗವನ್ನು ನಾವು ಸಾಮಾನ್ಯವಾಗಿ ರಾಜ್ಯ ಮತ್ತು ಧರ್ಮಸಭೆಗಳ ಸಂಬಂಧವನ್ನು ವಿವರಿಸುವುದಕ್ಕೆ ಬಳಸುತ್ತೇವೆ. ಆದರೆ ಆ ಪ್ರಶ್ನೆಯನ್ನು ಅದರ ಮೂಲಾರ್ಥದಲ್ಲಿಯೇ, ಒಂದು ಲೋಹದ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಕೇಳಿದರೆ ಏನಾದೀತು? ಈ ಲೇಖನದಲ್ಲಿ ನಾವು ಹಾಗೆ ಕೇಳಲು ಉದ್ದೇಶಿಸಿದ್ದೇವೆ. ನಾವು ಆರಿಸಿಕೊಂಡ ನಾಣ್ಯ ಕೈಸರನದಲ್ಲ. ಸ್ಪೇನಿನ ಅರಸರು ಅಮೆರಿಕದ ತಮ್ಮ ವಸಾಹತುಗಳಲ್ಲಿ ಅಚ್ಚುಹಾಕಿಸಿದ ಎಂಟು ರಿಯಾಲಿನ ಬೆಳ್ಳಿ ನಾಣ್ಯ. ಶಿವಮೊಗ್ಗ ಮತ್ತು ಭದ್ರಾವತಿಯ ಸುತ್ತಲಿನ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವ, ಮುಂದೆ ಸಲ್ಲಿಸಲಿರುವ ನಮಗೆ ಈ ದೂರದ ವಸ್ತು ಏಕೆ ಬೇಕು ಎಂಬುದನ್ನು ಮುಂದಿನ ಪುಟಗಳು ಸ್ಪಷ್ಟಪಡಿಸಿಯಾವು.

ನಾಣ್ಯದ ಸ್ವರೂಪ

ಸ್ಪೇನಿನ ಅಧೀನದಲ್ಲಿದ್ದ ಅಮೆರಿಕದಲ್ಲಿ ಮೊದಲ ಟಂಕಸಾಲೆಗೆ ಅನುಮತಿ ದೊರೆತದ್ದು 1535ರಲ್ಲಿ, ಮೆಕ್ಸಿಕೊ ನಗರದಲ್ಲಿ. ಅನಂತರ ಲಿಮಾದಲ್ಲಿಯೂ 1570ರ ದಶಕದಲ್ಲಿ ಈಗಿನ ಬೊಲಿವಿಯಾದಲ್ಲಿರುವ ಪೊತೊಸಿಯಲ್ಲಿಯೂ ಟಂಕಸಾಲೆಗಳು ತೆರೆದವು. ಎಂಟು ರಿಯಾಲಿನ ನಾಣ್ಯದ ತೂಕ ಸುಮಾರು 27 ಗ್ರಾಂ. ಅದರಲ್ಲಿ ಶೇಕಡ 90ಕ್ಕೂ ಹೆಚ್ಚು ಶುದ್ಧ ಬೆಳ್ಳಿ. ಆರಂಭದ ನಾಣ್ಯಗಳು ದುಂಡಗಿರಲಿಲ್ಲ. ಬೆಳ್ಳಿಯ ಪಟ್ಟಿಯಿಂದ ತುಂಡುಗಳನ್ನು ಕತ್ತರಿಸಿ, ತೂಕ ಸರಿಹೊಂದುವಂತೆ ಅಂಚನ್ನು ಕೊಯ್ದು, ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಹೀಗಾಗಿ ಒಂದರಂತೆ ಇನ್ನೊಂದಿಲ್ಲ. ಮುದ್ರೆಯ ಅರ್ಧ ಭಾಗ ಎಷ್ಟೋ ಬಾರಿ ಬಿಲ್ಲೆಯ ಹೊರಗೇ ಉಳಿಯುತ್ತಿತ್ತು.

ಒಂದು ಮುಖದಲ್ಲಿ ರಾಜಲಾಂಛನ, ಅದರ ಸುತ್ತ ದೇವರ ಕೃಪೆಯಿಂದ ಅರಸನಾದವನ ಹೆಸರು. ಇನ್ನೊಂದು ಮುಖದಲ್ಲಿ ದೊಡ್ಡದೊಂದು ಶಿಲುಬೆ, ಅದರ ನಾಲ್ಕು ಮೂಲೆಗಳಲ್ಲಿ ಕೋಟೆ ಮತ್ತು ಸಿಂಹಗಳ ಚಿಹ್ನೆಗಳು. ಇವಲ್ಲದೆ ಎರಡು ಚಿಕ್ಕ ಗುರುತುಗಳಿರುತ್ತಿದ್ದವು: ಟಂಕಸಾಲೆಯ ಅಕ್ಷರ ಮತ್ತು ಬೆಳ್ಳಿಯ ಶುದ್ಧತೆಗೆ ಹೊಣೆಗಾರನಾದ ಪರೀಕ್ಷಕನ ಹೆಸರಿನ ಮೊದಲಕ್ಷರ. ದೇವರ ಗುರುತು, ಅರಸನ ಗುರುತು, ಅಧಿಕಾರಿಯ ಗುರುತು ಮೂರೂ ಅಲ್ಲಿವೆ. ಬೆಳ್ಳಿಯನ್ನು ಅಗೆದವನ ಗುರುತು ಮಾತ್ರ ಇಲ್ಲ.

1732ರಿಂದ ಮೆಕ್ಸಿಕೊದಲ್ಲಿ ಯಂತ್ರದಿಂದ ಅಚ್ಚುಹಾಕಿದ ದುಂಡು ನಾಣ್ಯಗಳು ಹೊರಬಂದವು. ಅಲೆಗಳ ಮೇಲೆ ಎರಡು ಕಂಬಗಳು, ಅವುಗಳ ನಡುವೆ ಒಂದೇ ಕಿರೀಟದಡಿ ಎರಡು ಭೂಗೋಳಗಳು: ಹಳೆಯ ಜಗತ್ತು ಮತ್ತು ಹೊಸ ಜಗತ್ತು. 1772ರಿಂದ ಆ ಜಾಗದಲ್ಲಿ ಅರಸನ ಮುಖವೇ ಬಂತು. ಈ ನಾಣ್ಯ ಸ್ಪೇನಿನ ಗಡಿಯನ್ನು ಎಂದೋ ಮೀರಿತ್ತು. ಚೀನದ ವರ್ತಕರು ಬಹುಕಾಲ ಇದನ್ನೇ ನೆಚ್ಚಿದ್ದರು. ಅಮೆರಿಕ ಸಂಯುಕ್ತ ಸಂಸ್ಥಾನದ ಡಾಲರಿಗೆ ಇದೇ ಮಾದರಿಯಾಯಿತು, ಅಲ್ಲಿ 1857ರವರೆಗೂ ಇದು ಕಾನೂನುಬದ್ಧ ಹಣವಾಗಿತ್ತು. ಇಂದು ಅರಬ್ ನಾಡುಗಳಿಗೆ ದುಡಿಯಲು ಹೋದ ನಮ್ಮ ಜನ ಊರಿಗೆ ಕಳುಹಿಸುವ ರಿಯಾಲಿನ ಹೆಸರೂ ಈ ಸ್ಪ್ಯಾನಿಷ್ ಪದದಿಂದಲೇ ಬಂದದ್ದು.

ಬೆಳ್ಳಿಯ ಹುಟ್ಟು

ಪೊತೊಸಿಯ ಬೆಟ್ಟದಲ್ಲಿ ಬೆಳ್ಳಿ ಕಾಣಿಸಿಕೊಂಡದ್ದು 1545ರಲ್ಲಿ. ಸಮುದ್ರಮಟ್ಟಕ್ಕಿಂತ ಸುಮಾರು 4,000 ಮೀಟರ್ ಎತ್ತರದ, ಬೆಳೆ ಬಾರದ ಆ ಶೀತಪ್ರದೇಶದಲ್ಲಿ ಕೆಲವೇ ದಶಕಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ನಗರವೆದ್ದಿತು. 1573ರಲ್ಲಿ ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ ಅಲ್ಲಿ 'ಮಿತಾ' ಎಂಬ ಸರದಿ ಬಿಟ್ಟಿಯನ್ನು ವ್ಯವಸ್ಥಿತಗೊಳಿಸಿದನು. ಗೊತ್ತುಪಡಿಸಿದ ಸೀಮೆಗಳ ದುಡಿಯುವ ಗಂಡಸರಲ್ಲಿ ಏಳರಲ್ಲೊಬ್ಬನು ತನ್ನ ಸರದಿಯ ವರ್ಷ ಗಣಿಗೆ ಬರಲೇಬೇಕು. ಹೀಗೆ ವರ್ಷಕ್ಕೆ ಸುಮಾರು 13,000 ಜನ. ಅವರು ಮೇಣದ ಬತ್ತಿಯ ಬೆಳಕಿನಲ್ಲಿ, ತೊಗಲಿನ ಏಣಿಗಳನ್ನು ಹತ್ತಿ, ಬೆನ್ನ ಮೇಲೆ ಅದಿರು ಹೊತ್ತು ತರಬೇಕಿತ್ತು. ಪುಡಿಮಾಡಿದ ಅದಿರಿನಿಂದ ಬೆಳ್ಳಿಯನ್ನು ಬೇರ್ಪಡಿಸಲು ಪಾದರಸ ಬೇಕು. ಅದು ಪೆರುವಿನ ವಾಂಕಾವೆಲಿಕಾ ಗಣಿಯಿಂದ ಬರುತ್ತಿತ್ತು. ಪಾದರಸದ ವಿಷ ಅಲ್ಲಿಯೂ ಇಲ್ಲಿಯೂ ದುಡಿಯುವವರ ಶರೀರದಲ್ಲಿ ಸೇರುತ್ತಿತ್ತು. ಈ ಬಿಟ್ಟಿ ಕಾನೂನಿನ ಮೂಲಕ ರದ್ದಾದದ್ದು 1812ರಲ್ಲಿ.

ಧರ್ಮಸಭೆ ಇದನ್ನು ಕಾಣಲಿಲ್ಲವೇ? ಕಂಡಿತು. ದೊಮಿನಿಕನ್ ಸಂನ್ಯಾಸಿ ದೊಮಿಂಗೊ ದೆ ಸಾಂತೊ ತೊಮಾಸ್ 1550ರಲ್ಲಿಯೇ ಸ್ಪೇನಿನ ಆಡಳಿತ ಮಂಡಳಿಗೆ ಪತ್ರ ಬರೆದು, ಪೊತೊಸಿಯನ್ನು ನರಕದ ಬಾಯಿಗೆ ಹೋಲಿಸಿದರು. ಲೋಭವೇ ದೇವರಾಗಿ ಆ ದೇವರಿಗೆ ಮನುಷ್ಯರನ್ನು ಬಲಿಕೊಡಲಾಗುತ್ತಿದೆ ಎಂಬುದು ಅವರ ದೂರಿನ ತಿರುಳು. ಆದರೆ ಬೇರೆ ಧ್ವನಿಯೂ ಇತ್ತು. ಯೇಸುಸಭೆಯ ವಿದ್ವಾಂಸ ಹೊಸೆ ದೆ ಅಕೊಸ್ತಾ ಪೊತೊಸಿಯನ್ನು ಕಣ್ಣಾರೆ ಕಂಡವರು. ಗಣಿಯ ಸಂಕಟಕ್ಕೆ ಅವರು ಮರುಗಿದರು. ಆದರೂ 1588ರಲ್ಲಿ ಪ್ರಕಟವಾದ ತಮ್ಮ ಧರ್ಮಪ್ರಚಾರ ಕುರಿತ ಗ್ರಂಥದಲ್ಲಿ, ಬೆಳ್ಳಿ ನಿಂತರೆ ಸ್ಪ್ಯಾನಿಷರು ಹೊರಟುಹೋಗುತ್ತಾರೆ, ಅವರೊಂದಿಗೆ ಸುವಾರ್ತೆಯ ಕಾರ್ಯವೂ ನಿಂತುಹೋಗುತ್ತದೆ ಎಂಬ ಭಯದಿಂದ, ಕೆಲವು ನಿಬಂಧನೆಗಳೊಡನೆ ಗಣಿಯ ಬಿಟ್ಟಿಯನ್ನು ಸಹಿಸಿಕೊಂಡರು. ಈ ವಾದವನ್ನು ನಾವು ನೆನಪಿಟ್ಟುಕೊಳ್ಳೋಣ. ಮುಂದೆ ಇದಕ್ಕೆ ಉತ್ತರ ಹುಡುಕಬೇಕಾಗಿದೆ.

ಘಟ್ಟದ ಕಡೆಗೆ ಬಂದ ದಾರಿ

ಯುರೋಪಿನ ವರ್ತಕರು ಭಾರತದಿಂದ ಮೆಣಸು, ಬಟ್ಟೆ, ಅಕ್ಕಿ ಒಯ್ಯಬೇಕೆಂದರೆ ಬದಲಿಗೆ ಕೊಡಲು ಅವರ ಬಳಿ ಇಲ್ಲಿನವರು ಬಯಸುವ ಸರಕು ಹೆಚ್ಚೇನೂ ಇರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಅಮೆರಿಕದ ಬೆಳ್ಳಿ. ಲಿಸ್ಬನ್ನಿನಿಂದ ಗೋವೆಗೆ ಹೊರಡುವ ಹಡಗುಗಳಲ್ಲಿ ರಿಯಾಲುಗಳ ಪೆಟ್ಟಿಗೆಗಳು ಮುಖ್ಯ ಸರಕಾಗಿದ್ದವು. 1580ರಿಂದ 1640ರವರೆಗೆ ಸ್ಪೇನ್ ಮತ್ತು ಪೋರ್ಚುಗಲ್ ಎರಡಕ್ಕೂ ಒಬ್ಬನೇ ಅರಸನಿದ್ದನು. ಮೆಣಸಿನ ವ್ಯಾಪಾರಕ್ಕೆಂದೇ 1628ರಲ್ಲಿ ಸ್ಥಾಪನೆಗೊಂಡು 1633ರಲ್ಲಿ ಮುಚ್ಚಿಹೋದ ಪೋರ್ಚುಗೀಸ್ ಕಂಪನಿಯೂ ತನ್ನ ಬಂಡವಾಳವನ್ನು ರಿಯಾಲುಗಳಲ್ಲಿಯೇ ಕಳುಹಿಸುತ್ತಿತ್ತು.

ಆ ಮೆಣಸು ಎಲ್ಲಿಯದು? ಬಹುಮಟ್ಟಿಗೆ ನಮ್ಮದೇ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 17ನೆಯ ಶತಮಾನದ ಆರಂಭದಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನು ಸೋಲಿಸಿದ ಮೇಲೆ, ಘಟ್ಟದ ಮೆಣಸಿನ ಒಡೆತನ ಕೆಳದಿ ಅರಸರ ಕೈಸೇರಿತು. ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳಲ್ಲಿ ಪೋರ್ಚುಗೀಸರ ಕೋಟೆಗಳಿದ್ದರೂ ಮೆಣಸು ಬೆಳೆಯುವ ನೆಲ ಅವರದಾಗಿರಲಿಲ್ಲ. ಆದುದರಿಂದಲೇ 1623ರಲ್ಲಿ ಗೋವೆಯಿಂದ ಒಂದು ರಾಯಭಾರ ಇಕ್ಕೇರಿಗೆ ಬಂದಿತು. ಅದರೊಂದಿಗೆ ಬಂದ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಯ ಬೀದಿ, ದೇವಾಲಯ ಮತ್ತು ಅರಮನೆಯ ವಿವರಗಳನ್ನು ತನ್ನ ಪತ್ರಗಳಲ್ಲಿ ಬರೆದಿಟ್ಟಿದ್ದಾನೆ. 1637ರಲ್ಲಿ ಭಟ್ಕಳದಲ್ಲಿ ನೆಲೆಯೂರಲು ಬಂದ ಇಂಗ್ಲಿಷರ ಪರವಾಗಿ ಪೀಟರ್ ಮಂಡಿಯೂ ಇದೇ ಘಟ್ಟವನ್ನು ಹತ್ತಿ ಇಕ್ಕೇರಿಗೆ ಬಂದನು. ಮುಂದೆ ರಾಜಧಾನಿ ಬಿದನೂರಿಗೆ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ, ಸ್ಥಳಾಂತರಗೊಂಡಿತು. 1645ರಲ್ಲಿ ಪಟ್ಟವೇರಿದ ಶಿವಪ್ಪ ನಾಯಕನು ಒಂದು ದಶಕದೊಳಗೆ ಪೋರ್ಚುಗೀಸರ ಕರಾವಳಿ ಕೋಟೆಗಳನ್ನು ವಶಪಡಿಸಿಕೊಂಡನು. ಭೂಮಿಯನ್ನು ಅಳೆಸಿ, ಮಣ್ಣಿನ ಗುಣಕ್ಕೆ ತಕ್ಕಂತೆ ಕಂದಾಯ ನಿಗದಿಪಡಿಸಿದ ಅವನ 'ಶಿಸ್ತು' ಇಂದಿಗೂ ಜನರ ನಾಲಗೆಯ ಮೇಲಿದೆ.

ಇಲ್ಲಿ ನಮ್ಮ ಸಭೆಯ ಇತಿಹಾಸವೂ ಸೇರಿಕೊಂಡಿದೆ. ಯುದ್ಧದ ಅನಂತರ ಅಕ್ಕಿ ಮತ್ತು ಮೆಣಸಿನ ಅಗತ್ಯ ಎರಡೂ ಕಡೆಯವರನ್ನು ಮತ್ತೆ ಮಾತುಕತೆಗೆ ತಂದಿತು. ಕೆಳದಿ ಚೆನ್ನಮ್ಮನ ಕಾಲದಲ್ಲಿ, 1678ರಲ್ಲಿ ಆದ ಒಪ್ಪಂದದ ಪ್ರಕಾರ ಪೋರ್ಚುಗೀಸರಿಗೆ ವ್ಯಾಪಾರದ ಅವಕಾಶದ ಜೊತೆಗೆ ಮಿರ್ಜಾನ್, ಹೊನ್ನಾವರ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ದೇವಾಲಯಗಳನ್ನು ಕಟ್ಟುವ ಅನುಮತಿಯೂ ದೊರೆಯಿತು. ಲಿಂಗವಂತ ಅರಸುಮನೆತನವೊಂದು ಕ್ರೈಸ್ತರ ಆರಾಧನೆಗೆ ಎಡೆಮಾಡಿಕೊಟ್ಟದ್ದು ಕೃತಜ್ಞತೆಯಿಂದ ನೆನೆಯಬೇಕಾದ ಸಂಗತಿ. ಅದೇ ಒಪ್ಪಂದ ವ್ಯಾಪಾರದ ಒಪ್ಪಂದವೂ ಆಗಿತ್ತು ಎಂಬುದನ್ನು ಮರೆಯದಿರುವುದು ಅಷ್ಟೇ ಅಗತ್ಯ.

ಉಳಿಯದ ಬೆಳ್ಳಿ

ಇಷ್ಟು ರಿಯಾಲುಗಳು ನಮ್ಮ ತೀರಕ್ಕೆ ಬಂದಿದ್ದರೆ ಇಂದು ಅವು ಏಕೆ ವಿರಳ? ಉತ್ತರ ಅಂದಿನ ಹಣದ ಪದ್ಧತಿಯಲ್ಲಿದೆ. ದಕ್ಷಿಣದ ರಾಜ್ಯಗಳಲ್ಲಿ ವಿಜಯನಗರದ ಕಾಲದಿಂದಲೂ ನಡೆದುಬಂದದ್ದು ಚಿನ್ನದ ವರಹ, ಹಣ ಮತ್ತು ತಾಮ್ರದ ಕಾಸು. ಕೆಳದಿಯ ವರಹದ ಒಂದು ಮುಖದಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ಶ್ರೀ ಸದಾಶಿವ ಎಂಬ ಹೆಸರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯೂ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಹಾಕಿಸಿದನು. ಜನ ನಂಬುವ ನಾಣ್ಯವನ್ನು ಬದಲಿಸುವುದು ಅರಸನಿಗೂ ಸುಲಭವಲ್ಲ.

ಇಂತಹ ನಾಡಿನಲ್ಲಿ ಸ್ಪೇನಿನ ರಿಯಾಲು ನಾಣ್ಯವಾಗಿ ಚಲಾವಣೆಯಾಗುವುದಕ್ಕಿಂತ ಲೋಹವಾಗಿ ತೂಗಲ್ಪಡುತ್ತಿತ್ತು. ಬಹುಪಾಲು ಬೆಳ್ಳಿ ಗೋವೆಯಲ್ಲಿಯೋ ಬಂದರುಗಳಲ್ಲಿಯೋ ಚಿನಿವಾರರ ತಕ್ಕಡಿಗೆ ಏರಿ, ಒರೆಗಲ್ಲಿನಲ್ಲಿ ಪರೀಕ್ಷೆಗೊಳಗಾಗಿ, ವರಹಗಳಾಗಿ ಬದಲಾಗುತ್ತಿತ್ತು. ಘಟ್ಟ ಹತ್ತಿದ್ದು ಹೆಚ್ಚಾಗಿ ಅದರ ಬೆಲೆ. ಬೆಳ್ಳಿಯಂತೂ ಕರಗಿ ರೂಪಾಯಿಯಾಯಿತು, ಕಾಲಂದುಗೆಯಾಯಿತು, ದೇವರ ಮುಖವಾಡವಾಯಿತು, ಬಲಿಪೀಠದ ಪಾತ್ರೆಯಾಯಿತು. ಅಬ್ರಹಾಮನು ಸಾರಳ ಸಮಾಧಿಭೂಮಿಗಾಗಿ 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟ ಸಂಗತಿ ಆದಿಕಾಂಡದ 23ನೆಯ ಅಧ್ಯಾಯದಲ್ಲಿದೆ. ನಾಣ್ಯವಿಲ್ಲದ ಆ ಕಾಲದ ಪದ್ಧತಿಗೂ ನಮ್ಮ ಕರಾವಳಿಯ ಚಿನಿವಾರನ ಪದ್ಧತಿಗೂ ವ್ಯತ್ಯಾಸ ಬಹಳವಿಲ್ಲ.

ತೂಗುವವನಿಗೆ ಸಂದೇಹಪಡಲು ಕಾರಣವೂ ಇತ್ತು. 1640ರ ದಶಕದಲ್ಲಿ ಪೊತೊಸಿಯ ಟಂಕಸಾಲೆಯಲ್ಲಿಯೇ ಬೆಳ್ಳಿಗೆ ಕೀಳು ಲೋಹ ಬೆರೆಸುವ ದೊಡ್ಡ ವಂಚನೆ ನಡೆಯಿತು. ತನಿಖೆಯಾಗಿ, ಅದರಲ್ಲಿ ಪ್ರಮುಖನಾದ ಶ್ರೀಮಂತ ವರ್ತಕ ಫ್ರಾನ್ಸಿಸ್ಕೊ ಗೊಮೆಸ್ ದೆ ಲಾ ರೊಚಾನಿಗೆ 1650ರಲ್ಲಿ ಮರಣದಂಡನೆಯಾಯಿತು. ನಂಬಿಕೆಯನ್ನು ಮರಳಿ ಗಳಿಸಲು 1652ರಿಂದ ನಾಣ್ಯದ ವಿನ್ಯಾಸವನ್ನೇ ಬದಲಾಯಿಸಬೇಕಾಯಿತು. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದೆಂಬ ಧರ್ಮೋಪದೇಶಕಾಂಡದ ವಿಧಿಯನ್ನು ಉಲ್ಲಂಘಿಸಿದ ಆ ನಾಣ್ಯಗಳ ಮೇಲೂ ಶಿಲುಬೆ ಇತ್ತು.

ಮುದ್ರೆಯ ಧರ್ಮಶಾಸ್ತ್ರ

ಈಗ ನಾವು ಲೇಖನದ ಮುಖ್ಯ ಪ್ರಶ್ನೆಗೆ ಬರುತ್ತೇವೆ. ಈ ನಾಣ್ಯಗಳು ಒಂದು ಧರ್ಮಶಾಸ್ತ್ರವನ್ನು ಹೊತ್ತಿದ್ದವು. 1732ರ ಕಂಬದ ನಾಣ್ಯದ ಮೇಲೆ, ಎರಡು ಭೂಗೋಳಗಳ ಸುತ್ತ, 'ಊತ್ರಾಕ್ವೆ ಊನುಮ್' ಎಂಬ ಎರಡು ಲತೀನ್ ಪದಗಳಿವೆ. ಎರಡೂ ಒಂದು ಎಂಬುದು ಅದರ ಅರ್ಥ. ಲತೀನ್ ಬೈಬಲನ್ನು ಬಲ್ಲವರಿಗೆ ಈ ಪದಗಳ ನೆಲೆ ತಿಳಿದೇ ಇದೆ: ಸಂತ ಪೌಲರು ಎಫೆಸಿಯರಿಗೆ ಬರೆದ ಪತ್ರದ 2ನೆಯ ಅಧ್ಯಾಯದ 14ನೆಯ ವಚನ. ಯೆಹೂದ್ಯರು ಮತ್ತು ಅನ್ಯಜನರ ನಡುವಣ ಅಡ್ಡಗೋಡೆಯನ್ನು ಕ್ರಿಸ್ತನು ತನ್ನ ಶರೀರದಲ್ಲಿಯೇ ಕೆಡವಿ ಎರಡು ಪಂಗಡಗಳನ್ನು ಒಂದು ಮಾಡಿದನೆಂದು ಪೌಲರು ಅಲ್ಲಿ ಸಾರುತ್ತಾರೆ. ನಾಣ್ಯದ ಮೇಲೆ ಅದೇ ಪದಗಳು ಎರಡು ಜಗತ್ತುಗಳು ಒಬ್ಬ ಅರಸನ ಕಿರೀಟದಡಿ ಒಂದಾದವು ಎಂದು ಹೇಳುತ್ತವೆ. ಪೌಲರಲ್ಲಿ ಒಂದುಗೂಡಿಸುವವನು ತನ್ನ ರಕ್ತವನ್ನೇ ಸುರಿಸುತ್ತಾನೆ. ನಾಣ್ಯದಲ್ಲಿ ಒಂದುಗೂಡಿಸುವವನು ಇತರರ ರಕ್ತವನ್ನು ಸುರಿಸಿದ್ದಾನೆ. ಪದಗಳು ಅವೇ, ಕರ್ತೃ ಬದಲಾಗಿದ್ದಾನೆ. ಶ್ರುತವಾಕ್ಯವನ್ನು ಅಧಿಕಾರ ಎರವಲು ಪಡೆಯುವ ಬಗೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಇದು ಕೇವಲ ಸ್ಪೇನಿನ ಪಾಪವೆಂದು ನಾವು ದೂರ ಸರಿಯುವಂತಿಲ್ಲ. ಪೋರ್ಚುಗೀಸ್ ಅರಸರ ಪದ್ರುವಾದೊ ಹಕ್ಕಿನ ಪ್ರಕಾರ ಗೋವೆಯ ಧರ್ಮಾಧ್ಯಕ್ಷರ ಮತ್ತು ಗುರುಗಳ ಜೀವನವೃತ್ತಿಯನ್ನು ರಾಜಬೊಕ್ಕಸ ಭರಿಸುತ್ತಿತ್ತು; ಆ ಬೊಕ್ಕಸ ಸಮುದ್ರವ್ಯಾಪಾರವನ್ನು ಆಶ್ರಯಿಸಿತ್ತು. ಪೊತೊಸಿಯ ಬೆಳ್ಳಿ, ಘಟ್ಟದ ಮೆಣಸು, ಕರಾವಳಿಯ ಬಲಿಪೀಠ ಇವು ಒಂದೇ ಸರಪಳಿಯ ಕೊಂಡಿಗಳು. ಕ್ರೈಸ್ತಧರ್ಮ ಇಲ್ಲಿಗೆ ಹಣದೊಂದಿಗೆ ಬಂದ ಧರ್ಮ ಎಂಬ ಆಪಾದನೆಯನ್ನು ನಮ್ಮ ವಿದ್ಯಾರ್ಥಿಗಳು ಧರ್ಮಕೇಂದ್ರಗಳಿಗೆ ಹೋದಾಗ ಕೇಳಿಯೇ ಕೇಳುತ್ತಾರೆ. ಅದಕ್ಕೆ ಎರಡು ಸುಲಭದ ಉತ್ತರಗಳಿವೆ: ಸಿಟ್ಟಿನಿಂದ ಅಲ್ಲಗಳೆಯುವುದು ಅಥವಾ ನಾಚಿಕೆಯಿಂದ ಸುಮ್ಮನಾಗುವುದು. ಇತಿಹಾಸ ಈ ಎರಡನ್ನೂ ಒಪ್ಪುವುದಿಲ್ಲ.

ಒಪ್ಪದಿರುವುದಕ್ಕೆ ಕಾರಣ ಸಂತ ಜೋಸೆಫ್ ವಾಜ್. ಗೋವೆಯ ಈ ಗುರು 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಸಲ್ಲಿಸಿದರು. ಚದುರಿದ್ದ ವಿಶ್ವಾಸಿಗಳನ್ನು ಹುಡುಕಿಕೊಂಡು ಊರೂರು ತಿರುಗಿದರು, ಶಾಲೆಗಳನ್ನು ತೆರೆದರು. 1687ರಲ್ಲಿ ಅವರು ಸಿಂಹಳಕ್ಕೆ ಹೋದಾಗ ಅಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿದು ದಶಕಗಳೇ ಕಳೆದಿದ್ದವು. ಕರಾವಳಿ ಡಚ್ಚರ ವಶದಲ್ಲಿತ್ತು, ಕಥೊಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಅವರ ಹಿಂದೆ ಅರಸನಿರಲಿಲ್ಲ, ಕೋಟೆಯಿರಲಿಲ್ಲ, ಬೆಳ್ಳಿಯ ಪೆಟ್ಟಿಗೆಯೂ ಇರಲಿಲ್ಲ. ಕೂಲಿಯಾಳಿನ ವೇಷದಲ್ಲಿ ಹೋಗಿ, 1711ರಲ್ಲಿ ಕ್ಯಾಂಡಿಯಲ್ಲಿ ಮರಣ ಹೊಂದುವವರೆಗೂ ಅಲ್ಲಿಯೇ ದುಡಿದು, ಅಳಿದುಹೋಗುತ್ತಿದ್ದ ಸಭೆಯನ್ನು ಮತ್ತೆ ಕಟ್ಟಿದರು. 2015ರಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಬೆಳ್ಳಿ ನಿಂತರೆ ಸುವಾರ್ತೆ ನಿಲ್ಲುತ್ತದೆ ಎಂಬ ಅಕೊಸ್ತಾರ ವಾದಕ್ಕೆ ಈ ಜೀವನವೇ ಉತ್ತರ. ದೇವಾಲಯದ ಬಾಗಿಲಲ್ಲಿ ಕುಳಿತಿದ್ದ ಕುಂಟನಿಗೆ, ಬೆಳ್ಳಿಬಂಗಾರ ತನ್ನಲ್ಲಿಲ್ಲವೆಂದು ಹೇಳಿ ಪೇತ್ರನು ಕೊಟ್ಟ ವರವನ್ನೇ ಜೋಸೆಫ್ ವಾಜರೂ ಕೊಟ್ಟರು.

ಭದ್ರಾವತಿಯಲ್ಲಿ ಓದುವಾಗ

ಕೊನೆಯದಾಗಿ, ಈ ಇತಿಹಾಸವನ್ನು ಎಲ್ಲಿ ನಿಂತು ಓದುತ್ತಿದ್ದೇವೆ ಎಂಬುದು ಮುಖ್ಯ. 1988ರಲ್ಲಿ ಸ್ಥಾಪನೆಗೊಂಡ ಶಿವಮೊಗ್ಗ ಧರ್ಮಕ್ಷೇತ್ರದ ಜನರಲ್ಲಿ ಅನೇಕರು ಲೋಹದಿಂದಲೇ ಬದುಕು ಕಟ್ಟಿಕೊಂಡವರ ಮಕ್ಕಳು, ಮೊಮ್ಮಕ್ಕಳು. 1923ರಲ್ಲಿ ಭದ್ರಾವತಿಯ ಕುಲುಮೆ ಉರಿಯಲಾರಂಭಿಸಿದಾಗ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ದೂರದೂರುಗಳಿಂದ ಬಂದ ಕೂಲಿಕಾರರು ಒಂದೆಡೆ ಸೇರಿದರು. ಕನ್ನಡ, ತಮಿಳು, ಕೊಂಕಣಿ, ಮಲಯಾಳಂ ಮಾತನಾಡುವ ವಿಶ್ವಾಸಿಗಳು ಒಂದೇ ಬಲಿಪೀಠದ ಸುತ್ತ ನಿಂತರು. ಭದ್ರಾವತಿ ಪೊತೊಸಿಯಲ್ಲ, ಇಲ್ಲಿ ಸಂಬಳವಿತ್ತು, ಕಾರ್ಮಿಕ ಸಂಘಗಳಿದ್ದವು, ಮಕ್ಕಳಿಗೆ ಶಾಲೆಯಿತ್ತು. ಈ ವ್ಯತ್ಯಾಸವನ್ನು ಅಳಿಸಿ ಹೋಲಿಸುವುದು ಎರಡೂ ಕಡೆಯವರಿಗೆ ಮಾಡುವ ಅನ್ಯಾಯ. ಆದರೆ 2023ರ ಜನವರಿಯಲ್ಲಿ, ಶತಮಾನ ತುಂಬುವ ಹೊತ್ತಿಗೇ ಕಾರ್ಖಾನೆ ಮುಚ್ಚುವ ತೀರ್ಮಾನ ಪ್ರಕಟವಾದಾಗ, ಗುತ್ತಿಗೆ ಕಾರ್ಮಿಕರ ಮನೆಗಳಲ್ಲಿ ಎದ್ದ ಪ್ರಶ್ನೆ ಹಳೆಯದೇ: ಲೋಹದ ಮೇಲೆ ಮುದ್ರೆ ಯಾರದೇ ಇರಲಿ, ದುಡಿದವರ ಲೆಕ್ಕ ಎಲ್ಲಿ ಬರೆದಿದೆ? ನೀತಿವಂತನನ್ನು ಬೆಳ್ಳಿಗೆ ಮಾರುವವರನ್ನು ಖಂಡಿಸಿದ ಆಮೋಸನ ಪ್ರವಾದನೆಯನ್ನು ಬೋಧಿಸುವ ಗುರು ಈ ಪ್ರಶ್ನೆಯನ್ನು ಕೇಳಿಸಿಕೊಳ್ಳಲೇಬೇಕು.

ಒಂದು ವ್ಯಾವಹಾರಿಕ ಮಾತು. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯ ವಸ್ತುಸಂಗ್ರಹಾಲಯವನ್ನೂ, ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ, ಈಗ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ ಕೆಳದಿಯ ವಸ್ತುಸಂಗ್ರಹಾಲಯವನ್ನೂ ಸಭೆಯ ಇತಿಹಾಸ ಓದುವ ವಿದ್ಯಾರ್ಥಿಗಳು ಒಮ್ಮೆಯಾದರೂ ನೋಡಬೇಕು. ಹಳೆಯ ಧರ್ಮಕೇಂದ್ರಗಳ ಪೆಟ್ಟಿಗೆಯಲ್ಲಿ, ಹರಕೆಯ ಸರಗಳಲ್ಲಿ ಹಳೆಯ ನಾಣ್ಯಗಳು ಕಂಡುಬಂದರೆ ಅವನ್ನು ತಿಕ್ಕಿ ತೊಳೆಯಬಾರದು, ಮಾರಬಾರದು. ತೂಕ, ಅಳತೆ, ಚಿತ್ರಗಳೊಂದಿಗೆ ದಾಖಲಿಸಿಡಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪುರಾವಸ್ತು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸುವುದು ಕಾನೂನಿನ ಕರ್ತವ್ಯ.

ಯೂದನು ಹಿಂದಿರುಗಿಸಿದ 30 ಬೆಳ್ಳಿ ನಾಣ್ಯಗಳನ್ನು ಮಹಾಯಾಜಕರು ಕಾಣಿಕೆಪೆಟ್ಟಿಗೆಗೆ ಹಾಕಲು ಹಿಂಜರಿದರೆಂದು ಮತ್ತಾಯನು ಬರೆಯುತ್ತಾನೆ; ಅದು ರಕ್ತದ ಬೆಲೆಯೆಂದು ಅವರಿಗೆ ತಿಳಿದಿತ್ತು. ಆ ಹಣವನ್ನು ಕೊಟ್ಟವರು ತಾವೇ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ನಮ್ಮ ಕೈಗೆ ಬರುವ ಪ್ರತಿಯೊಂದು ಕಾಣಿಕೆಯ ಮೂಲವನ್ನು ಅರಿಯುವುದು ನಮ್ಮಿಂದಾಗದ ಕೆಲಸ. ಆದರೆ ತಿಳಿದದ್ದನ್ನು ಹೇಳುವುದು ಆಗುವ ಕೆಲಸ. ನಾಣ್ಯದ ಮೇಲಿನ ರೂಪ ಅರಸನದು; ಅದನ್ನು ಅಗೆದವನ ಮೇಲಿನ ರೂಪ ದೇವರದು. ಕೈಸರನದನ್ನು ಕೈಸರನಿಗೆ ಕೊಟ್ಟ ಮೇಲೆ ದೇವರಿಗೆ ಸಲ್ಲಬೇಕಾದದ್ದು ಯಾವುದೆಂದು ವಿಶ್ವಾಸಿಗಳು ಕೇಳಿದಾಗ, ಆ ಮನುಷ್ಯನತ್ತ ಕೈತೋರಿಸುವ ಧೈರ್ಯ ನಮಗಿರಲಿ.